ಕಡಲಾಚೆಯ ವಿವಾಹಗಳೂ ವಂಶಶೋಧನೆಯೂ

ಶ್ರಾದ್ಧಕಾಲದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರೆಂದು ಮೂರು ತಲೆಮಾರಿನ ಹೆಸರುಗಳನ್ನು ನಾವು ಉಚ್ಚರಿಸುವೆವಷ್ಟೆ. ಕಡಲು ದಾಟಿದವರ ಸಂತತಿಗೆ ಆ ಮೂರನೆಯ ಹೆಸರೇ ದುರ್ಲಭವಾಗಿರುವುದುಂಟು.

ಮದರಾಸಿನಿಂದ ಹೊರಟ ‘ಟ್ರೂರೋ’ ಹಡಗು 1860ನೆಯ ನವೆಂಬರ್ 16ರಂದು ಕರಾರಿನ ಕೂಲಿಯಾಳುಗಳನ್ನು ದಕ್ಷಿಣ ಆಫ್ರಿಕದ ನೇಟಾಲ್ ಪ್ರಾಂತಕ್ಕೆ ಮುಟ್ಟಿಸಿತು. 1911ರವರೆಗೆ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಜನ ಹೀಗೆ ಹೋದರು. ಹಡಗಿನ ಪಟ್ಟಿಯಲ್ಲಿ ಪ್ರತಿಯೊಬ್ಬರ ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಗ್ರಾಮಗಳನ್ನು ಬರೆಯುತ್ತಿದ್ದರು. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುದರಿಂದ ಒಂದೇ ಹೆಸರು ಹಲವು ರೂಪಗಳನ್ನು ತಾಳಿತು.

ವಿವಾಹದ ವಿಷಯವಂತೂ ಇನ್ನೂ ಕಷ್ಟ. ಶಾಸ್ತ್ರೋಕ್ತವಾಗಿ ನಡೆದ ಎಷ್ಟೋ ಮದುವೆಗಳು ಸರಕಾರದ ದಫ್ತರವನ್ನು ಸೇರಲೇ ಇಲ್ಲ. 1913ನೆಯ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಎಂಬವರು, ಬಹುಪತ್ನೀತ್ವಕ್ಕೆ ಎಡೆಯುಳ್ಳ ಮತಗಳ ವಿಧಿಯಿಂದಾದ ವಿವಾಹಗಳು ಅಸಿಂಧುವೆಂದು ತೀರ್ಪಿತ್ತರು. ಕುಲಸ್ತ್ರೀಯರು ಕಾನೂನಿನ ಕಣ್ಣಿಗೆ ಪತ್ನಿಯರಲ್ಲದವರಾದರು! ಈ ಅವಮಾನವನ್ನು ಸಹಿಸದೆ ಕಸ್ತೂರಬಾ ಮೊದಲಾದ ಸ್ತ್ರೀಯರು ಸತ್ಯಾಗ್ರಹ ಹೂಡಿ ಸೆರೆಮನೆ ಸೇರಿದರು. 1914ರ ಕಾಯಿದೆಯು ಏಕಪತ್ನೀವಿವಾಹಗಳನ್ನು ಮಾನ್ಯಮಾಡಿತು.

ಆದುದರಿಂದ ವಂಶವನ್ನು ಅರಸುವವರು ಹೆಸರಿಗಿಂತ ಸಂಖ್ಯೆಯನ್ನೇ ಹಿಡಿದು ಹೋಗತಕ್ಕದ್ದು. ಮಕ್ಕಳ ಜನನಪತ್ರಗಳಲ್ಲಿ ತಾಯಿತಂದೆಗಳ ಸಂಖ್ಯೆಗಳು ಕಾಣುವುದುಂಟು. ದಾಖಲೆಯಲ್ಲಿ ವಿವಾಹವಿಲ್ಲವೆಂದ ಮಾತ್ರಕ್ಕೆ ಮುತ್ತಜ್ಜಿಯ ಮಾಂಗಲ್ಯವನ್ನು ಸಂದೇಹಿಸಲಾಗದು. ಕೊರತೆಯು ಕಾಗದದ್ದು, ಆಕೆಯದಲ್ಲ.