ಮನೆಯ ನೆನಪಿಗೊಂದು ಕಣಜ: ಕೊಳ್ಳುವ ಮುನ್ನ ಇಷ್ಟು ತಿಳಿದಿರಲಿ

ಸೋದರಿಯರೇ, ನಿಮ್ಮ ಮನೆಯ ಫೋಟೋಗಳೆಲ್ಲ ಈಗ ಎಲ್ಲಿವೆ? ನಿಮ್ಮಷ್ಟಕ್ಕೆ ನೀವೇ ಒಮ್ಮೆ ಕೇಳಿಕೊಳ್ಳಿ. ಮದುವೆಯ ಆಲ್ಬಮ್ ಬೀರುವಿನಲ್ಲಿದೆ, ಸರಿ. ಮಗನ ನಾಮಕರಣದ್ದು ಯಾವುದೋ ಸಿ.ಡಿ.ಯಲ್ಲಿ, ಮಗಳ ಶಾಲೆಯ ವಾರ್ಷಿಕೋತ್ಸವದ್ದು ಕೆಟ್ಟು ಕೂತ ಹಳೇ ಫೋನಿನಲ್ಲಿ, ಕಳೆದ ಗೌರಿ ಹಬ್ಬದ್ದು ಈಗಿನ ಫೋನಿನಲ್ಲಿ. ಆ ಫೋನಾದರೋ 'ಜಾಗ ತುಂಬಿದೆ' ಅಂತ ದಿನಕ್ಕೆ ಮೂರು ಸಲ ಗೊಣಗುತ್ತಿರುತ್ತದೆ. ಹೌದು ತಾನೆ?

ನಮ್ಮ ಮನೆಯಲ್ಲೂ ಹೀಗೇ ಇತ್ತು. ನನ್ನ ತಾಯಿಗೆ ಹಸೆ ಹಾಡು, ಆರತಿ ಹಾಡು ನೂರಾರು ಬಾಯಿಗೆ ಬರುತ್ತಿದ್ದವು. ಒಂದು ಬೇಸಿಗೆಯಲ್ಲಿ ತವರಿಗೆ ಹೋದಾಗ ದಿನಕ್ಕೆ ಎರಡು ಮೂರರಂತೆ ಅಷ್ಟನ್ನೂ ಫೋನಿನಲ್ಲಿ ಹಿಡಿದುಕೊಂಡು ಬಂದೆ. ನಡುನಡುವೆ ಅಪ್ಪೆಹುಳಿಗೆ ಎಷ್ಟು ಉಪ್ಪು, ಸಂಡಿಗೆ ಹಿಟ್ಟಿನ ಹದ ಹೇಗೆ ಅಂತ ಅಮ್ಮ ಹೇಳಿದ ಮಾತೂ ಇತ್ತು. ಫೋನಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಒಂದು ಚಿಕ್ಕ ಹಾರ್ಡ್ ಡಿಸ್ಕಿಗೆ ಹಾಕಿ ಫೋನನ್ನು ಖಾಲಿ ಮಾಡಿದೆವು. ಮುಂದಿನ ವರ್ಷ ಅಮ್ಮ ತೀರಿಕೊಂಡರು. ಅದಾಗಿ ಮೂರು ತಿಂಗಳಿಗೆ ಮೇಜಿನ ಧೂಳು ಒರೆಸುವಾಗ ಆ ಡಿಸ್ಕು ನನ್ನ ಕೈತಪ್ಪಿ ನೆಲಕ್ಕೆ ಬಿತ್ತು. ಆಮೇಲೆ ಅದರಿಂದ ಬಂದದ್ದು ಟಕ್ ಟಕ್ ಅನ್ನುವ ಸದ್ದು ಮಾತ್ರ. ರಿಪೇರಿಯವರೂ ಕೈಚೆಲ್ಲಿದರು. ಯಜಮಾನರು ಒಂದು ಮಾತೂ ಬಯ್ಯಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ ನಾನು ಆಮೇಲೆ ಎಚ್ಚೆತ್ತೆ. ಅಕ್ಕನ ಮಗ ಕಂಪ್ಯೂಟರ್ ಕೆಲಸದವನು. ಅವನನ್ನು ಕೇಳಿ ಕೇಳಿ ದಿನಸಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡದ್ದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಓದಿದವಳಿಗೆ ಇದೆಲ್ಲ ಯಾಕೆ ಅಂತ ಮೂಗು ಮುರಿಯಬೇಡಿ. ಪ್ರೆಷರ್ ಕುಕ್ಕರ್ ಮನೆಗೆ ಬಂದಾಗ ನಮ್ಮ ಅತ್ತೆಯವರೂ ದೂರ ನಿಂತೇ ನೋಡಿದ್ದರು!

ಏನಿದು ಪೆಟ್ಟಿಗೆ?

ಇದಕ್ಕೆ 'ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್' ಎಂದು ಹೆಸರು. ಚಿಕ್ಕದಾಗಿ 'ನಾಸ್' ಎನ್ನುತ್ತಾರೆ. ಹಾರ್ಡ್ ಡಿಸ್ಕುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಒಂದು ಪುಟ್ಟ ಕಂಪ್ಯೂಟರ್ ಅಂದುಕೊಳ್ಳಿ. ಇಂಟರ್ನೆಟ್ಟಿನ ರೂಟರಿಗೆ ಒಂದು ತಂತಿಯಲ್ಲಿ ಸೇರಿಸಿ ಮೂಲೆಯಲ್ಲಿಟ್ಟರೆ ಮನೆಮಂದಿಯ ಫೋನು, ಕಂಪ್ಯೂಟರ್, ಟಿ.ವಿ. ಎಲ್ಲವೂ ಅದರಲ್ಲಿ ಇಡಬಹುದು, ತೆಗೆಯಬಹುದು. ನಾವು ನಿದ್ದೆ ಮಾಡುವಾಗ ಫೋನಿನ ಫೋಟೋಗಳು ತಾವಾಗಿಯೇ ಅಲ್ಲಿಗೆ ಹೋಗುವಂತೆಯೂ ಮಾಡಬಹುದು.

ಕಾಲ ಎಷ್ಟು ಮುಂದುವರಿದಿದೆ ನೋಡಿ. 1956ರಲ್ಲಿ ಐ.ಬಿ.ಎಂ. ಕಂಪನಿ ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು, ತೂಕ ಸುಮಾರು ಒಂದು ಟನ್. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಈಗಿನ ಫೋನಿನ ಒಂದು ಒಳ್ಳೆಯ ಫೋಟೋಗೆ ಅಷ್ಟು ಬೇಕು!

'ಗೂಗಲ್ಲಿನಲ್ಲಿ ಇಟ್ಟರೆ ಸಾಲದೇ?' ಅಂತ ಕೇಳಬಹುದು. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಬಿಟ್ಟಿಯಾಗಿ ಇಡುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ 15 ಜಿ.ಬಿ. ದಾಟಿದರೆ ಬಾಡಿಗೆ. ಬಾಡಿಗೆ ಮನೆ ಕೆಟ್ಟದ್ದೇನಲ್ಲ, ಆದರೆ ಸ್ವಂತದ್ದೊಂದು ಸೂರು ಇದ್ದರೆ ಧೈರ್ಯ.

ಮೊದಲು ಅಳತೆ

ಅಕ್ಕಿ ಎಷ್ಟಿದೆ ಅಂತ ನೋಡದೆ ಡಬ್ಬ ಕೊಳ್ಳುತ್ತೇವೆಯೆ? ಮನೆಯ ಫೋನು, ಕಂಪ್ಯೂಟರ್, ಪೆನ್‌ಡ್ರೈವು ಎಲ್ಲದರಲ್ಲಿ ಇರುವುದನ್ನು ಕೂಡಿಸಿ. ನಮ್ಮಲ್ಲಿ ಸುಮಾರು 600 ಜಿ.ಬಿ. ಆಯಿತು. ವರ್ಷ ವರ್ಷ ಬೆಳೆಯುವುದರಿಂದ ಈಗಿರುವುದರ ಮೂರು ನಾಲ್ಕು ಪಟ್ಟು ಹಿಡಿಯುವಂಥದ್ದು ತೆಗೆದುಕೊಳ್ಳಿ. ನಾವು 4 ಟಿ.ಬಿ. ಆರಿಸಿದೆವು. ಅದನ್ನು ಕಂಪ್ಯೂಟರಿಗೆ ಸೇರಿಸಿದಾಗ 3.6 ಅಂತ ತೋರಿಸಿದರೆ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೆ.

ಯಾವ ಪೆಟ್ಟಿಗೆ?

ಮೂರು ದಾರಿಗಳಿವೆ.

ಮೊದಲನೆಯದು, ಮೂಲೆ ಸೇರಿದ ಹಳೇ ಕಂಪ್ಯೂಟರನ್ನೇ ಬಳಸುವುದು. 'ಓಪನ್‌ಮೀಡಿಯಾವಾಲ್ಟ್', 'ಟ್ರೂನಾಸ್' ಎಂಬ ಉಚಿತ ತಂತ್ರಾಂಶಗಳಿವೆ. ಟ್ರೂನಾಸ್‌ಗೆ ಕನಿಷ್ಠ 8 ಜಿ.ಬಿ. ರ್‍ಯಾಮ್ ಬೇಕು, ಇನ್ನೊಂದಕ್ಕೆ ಕಡಿಮೆ ಇದ್ದರೂ ನಡೆಯುತ್ತದೆ. ಕೊಳ್ಳುವ ಖರ್ಚಿಲ್ಲ, ಆದರೆ ಕರೆಂಟಿನ ಖರ್ಚಿದೆ. ಹಳೇ ಡೆಸ್ಕ್‌ಟಾಪು ಸುಮ್ಮನಿದ್ದಾಗಲೂ 70 ವ್ಯಾಟ್ ತಿಂದರೆ, ಹಗಲೂ ರಾತ್ರಿ ಉರಿದಾಗ ತಿಂಗಳಿಗೆ 50 ಯೂನಿಟ್. ಎರಡು ಡಿಸ್ಕಿನ ಸಿದ್ಧ ಪೆಟ್ಟಿಗೆ 20 ವ್ಯಾಟ್ ತಿಂದರೆ 14 ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ, ವರ್ಷದ ಲೆಕ್ಕ ಹಾಕಿ ನೋಡಿ.

ಎರಡನೆಯದು, ಅಂಗೈಯಗಲದ 'ರಾಸ್ಪ್‌ಬೆರಿ ಪೈ' ಹಲಗೆ. ಅಗ್ಗ, ಕರೆಂಟೂ ಕಡಿಮೆ. ಆದರೆ ದೊಡ್ಡ ಡಿಸ್ಕಿಗೆ ಬೇಕಾದ ವಿದ್ಯುತ್ತನ್ನು ಅದು ಕೊಡಲಾರದು, ಡಿಸ್ಕಿಗೆ ಬೇರೆಯೇ ಅಡಾಪ್ಟರ್ ಬೇಕು. ಮನೆಯಲ್ಲಿ ಆಸಕ್ತಿಯ ಹುಡುಗರಿದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಮೂರನೆಯದು ಸಿದ್ಧ ಪೆಟ್ಟಿಗೆ. ತೈವಾನಿನ ಸೈನಾಲಜಿ, ಕ್ಯೂನ್ಯಾಪ್ ಮೊದಲಾದ ಕಂಪನಿಗಳು ಮಾಡುತ್ತವೆ. ದುಡ್ಡು ಹೆಚ್ಚು, ತಲೆನೋವು ಕಡಿಮೆ. ಸಾಮಾನ್ಯವಾಗಿ ಪೆಟ್ಟಿಗೆಯ ಬೆಲೆಯಲ್ಲಿ ಡಿಸ್ಕು ಸೇರಿರುವುದಿಲ್ಲ, ಅದನ್ನು ಮರೆಯದಿರಿ. ಫೋಟೋ, ಹಾಡು, ಸಿನಿಮಾ ಇಡಲು 2 ಜಿ.ಬಿ. ರ್‍ಯಾಮ್ ಸಾಕು. ನನ್ನಂಥವಳಿಗೆ ಇದೇ ಹಿತವೆನಿಸಿತು.

ಎರಡು ಖಾನೆ ಇರಲಿ

ಒಂದೇ ಡಿಸ್ಕು ಹಿಡಿಯುವ ಪೆಟ್ಟಿಗೆ ಅಗ್ಗವೆಂದು ಮರುಳಾಗಬೇಡಿ. ಡಿಸ್ಕು ಎಂದಿದ್ದರೂ ಒಂದು ದಿನ ಕೆಡುವ ವಸ್ತು. ಎರಡು ಖಾನೆ ಇದ್ದರೆ ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುವಂತೆ ಮಾಡಬಹುದು. ಇದಕ್ಕೆ 'ರೇಡ್ 1' ಎನ್ನುತ್ತಾರೆ. ರೇಡ್ ಎಂಬ ಹೆಸರು 1988ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು ಬರೆದ ಪ್ರಬಂಧದಿಂದ ಬಂದದ್ದು. ಒಂದು ಡಿಸ್ಕು ಸತ್ತರೆ ಇನ್ನೊಂದು ಕೆಲಸ ನಡೆಸುತ್ತದೆ. ಸತ್ತದ್ದನ್ನು ತೆಗೆದು ಹೊಸದು ಹಾಕಿದರೆ ತಾನೇ ನಕಲು ಮಾಡಿಕೊಳ್ಳುತ್ತದೆ. ಆದರೆ 4 ಟಿ.ಬಿ.ಯ ಎರಡು ಹಾಕಿದರೂ ನಮಗೆ ಸಿಗುವ ಜಾಗ 4 ಟಿ.ಬಿ. ಮಾತ್ರ.

ಡಿಸ್ಕಿನ ಆಯ್ಕೆ

ಇಲ್ಲಿಯೇ ಬಹಳ ಜನ ಮೋಸಹೋಗುವುದು. ಡಿಸ್ಕುಗಳಲ್ಲಿ ಸಿ.ಎಂ.ಆರ್., ಎಸ್.ಎಂ.ಆರ್. ಎಂದು ಎರಡು ಬಗೆ. ನಮ್ಮ ಮಲೆನಾಡಿನ ಹೆಂಚಿನ ಮನೆ ನೆನಪಿಸಿಕೊಳ್ಳಿ. ಒಂದು ಹೆಂಚಿನ ಮೇಲೆ ಇನ್ನೊಂದರ ಅಂಚು ಕೂತಿರುತ್ತದೆ. ನಡುವಿನದೊಂದು ಬದಲಿಸಬೇಕಾದರೆ ಅಕ್ಕಪಕ್ಕದ್ದನ್ನೂ ಎತ್ತಬೇಕು. ಎಸ್.ಎಂ.ಆರ್. ಡಿಸ್ಕಿನಲ್ಲಿ ಬರಹದ ಸಾಲುಗಳು ಹೀಗೇ ಒಂದರ ಮೇಲೊಂದು ಅಂಚು ಚಾಚಿರುತ್ತವೆ. ಒಂದು ಸಾಲು ತಿದ್ದಲು ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಸುಮ್ಮನೆ ಇಟ್ಟುಕೊಳ್ಳಲು ಪರವಾಗಿಲ್ಲ, ಆದರೆ ಕೆಟ್ಟ ಜೋಡಿಯ ಬದಲಿಗೆ ಹೊಸದನ್ನು ತುಂಬಿಸುವ ಹೊತ್ತಿನಲ್ಲಿ ತೀರಾ ನಿಧಾನವಾಗುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ 'ರೆಡ್' ಡಿಸ್ಕುಗಳಲ್ಲಿ ಕೆಲವು ಈ ಬಗೆಯವೆಂದು ಬಯಲಾಗಿ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಕಂಪನಿಯವರು ಸಿ.ಎಂ.ಆರ್. ಬಗೆಯದನ್ನು 'ರೆಡ್ ಪ್ಲಸ್' ಎಂದು ಬೇರೆ ಮಾಡಿದರು. ಸೀಗೇಟ್‌ನ 'ಐರನ್‌ವುಲ್ಫ್' ಕೂಡ ಸಿ.ಎಂ.ಆರ್. ಬಗೆಯದೇ. ಎರಡೂ ಹಗಲು ರಾತ್ರಿ ತಿರುಗುವುದಕ್ಕೆಂದೇ ಮಾಡಿದವು, ಎರಡಕ್ಕೂ ಮೂರು ವರ್ಷದ ವಾರಂಟಿ.

ಕೊಂಡ ದಿನವೇ ಡಿಸ್ಕಿನ ಮೇಲಿನ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ನಮ್ಮ ದೇಶದಲ್ಲಿ ವಾರಂಟಿ ಉಂಟೋ ಇಲ್ಲವೋ ತಿಳಿಯುತ್ತದೆ. ಸಾಧ್ಯವಾದರೆ ಎರಡನ್ನೂ ಬೇರೆ ಬೇರೆ ಅಂಗಡಿಯಲ್ಲಿ ಕೊಳ್ಳಿ. ಒಂದೇ ಕಂತಿನಲ್ಲಿ ತಯಾರಾದವಾದರೆ ಒಂದರ ದೋಷವೇ ಇನ್ನೊಂದರಲ್ಲೂ ಇರಬಹುದು.

ದಾರಿ ಅಗಲವಾಗಿರಲಿ

ಪೆಟ್ಟಿಗೆ ಎಷ್ಟು ಚೆನ್ನಾಗಿದ್ದರೇನು, ರೂಟರು ಹಳೆಯದಾದರೆ ಎತ್ತಿನ ಗಾಡಿಯ ಹಿಂದೆ ಕಾರು ನಿಂತಂತೆ. ರೂಟರಿನ ತಂತಿ ಸಿಕ್ಕಿಸುವ ಕಿಂಡಿ 'ಗಿಗಾಬಿಟ್' ಇರಬೇಕು. 100 ಮೆಗಾಬಿಟ್ಟಿನದಾದರೆ ಸೆಕೆಂಡಿಗೆ ಸುಮಾರು 11 ಎಂ.ಬಿ., ಗಿಗಾಬಿಟ್ಟಿನದಾದರೆ ಸುಮಾರು 110. ನಮ್ಮ 600 ಜಿ.ಬಿ. ತುಂಬಿಸಲು ಮೊದಲನೆಯದರಲ್ಲಿ 15 ಗಂಟೆ, ಎರಡನೆಯದರಲ್ಲಿ ಒಂದೂವರೆ ಗಂಟೆಯ ಲೆಕ್ಕ. ಚಿಕ್ಕ ಚಿಕ್ಕ ಫೈಲುಗಳೇ ಇದ್ದರೆ ಇನ್ನೂ ನಿಧಾನ. ತಂತಿ 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ಎಂದು ಕೇಳಿ ತನ್ನಿ.

ಗುಡುಗು, ಸಿಡಿಲು, ಕರೆಂಟು

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಕಣ್ಣಾಮುಚ್ಚಾಲೆ ಆಡುವುದು ನಿಮಗೇ ಗೊತ್ತು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲು ಕೆಡಬಹುದು. ಆದ್ದರಿಂದ ಒಂದು ಚಿಕ್ಕ ಯು.ಪಿ.ಎಸ್. ಬೇಕೇ ಬೇಕು. ಯು.ಎಸ್.ಬಿ. ತಂತಿಯಿಂದ ಪೆಟ್ಟಿಗೆಗೆ ಸೇರಿಸಬಹುದಾದದ್ದನ್ನು ಕೊಂಡರೆ, ಬ್ಯಾಟರಿ ಮುಗಿಯುವ ಮೊದಲು ಪೆಟ್ಟಿಗೆಯೇ ಕ್ರಮವಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಸಿಡಿಲು ಜೋರಾದರೆ ನಾವು ಟಿ.ವಿ.ಯಂತೆ ಇದರ ಪ್ಲಗ್ಗನ್ನೂ, ರೂಟರಿನ ತಂತಿಯನ್ನೂ ಕಿತ್ತಿಡುತ್ತೇವೆ. ಮೊದಲು ಬಂದ್ ಮಾಡಿ, ಆಮೇಲೆ ಕೀಳಬೇಕು. ಅಡುಗೆಮನೆಯ ಹಬೆ, ಬಚ್ಚಲಿನ ತೇವದ ಗೋಡೆ, ಮುಚ್ಚಿದ ಬೀರು ಇದಕ್ಕೆ ಆಗದು. ಗಾಳಿಯಾಡುವ, ಮಕ್ಕಳ ಕೈಗೆಟುಕದ ಜಾಗ ಬೇಕು.

ಹೆಪ್ಪಿನ ಪಾಠ

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಎರಡು ಡಿಸ್ಕು ಇದೆಯೆಂದು ನಿಶ್ಚಿಂತೆಯಾಗಬೇಡಿ. ಮಗು ತಪ್ಪಿ ಒಂದು ಫೋಟೋ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಕಳ್ಳ ಬಂದರೆ ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಾನೆ. 2022ರಲ್ಲಿ 'ಡೆಡ್‌ಬೋಲ್ಟ್' ಎಂಬ ಕುತಂತ್ರಾಂಶ ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಹೊಕ್ಕು, ಒಳಗಿದ್ದದ್ದಕ್ಕೆಲ್ಲ ಬೀಗ ಜಡಿದು ಹಣ ಕೇಳಿತು. ಪೆಟ್ಟಿಗೆಯನ್ನು ಹೊರಗಿನಿಂದ ನೇರವಾಗಿ ಕಾಣುವಂತೆ ಬಿಡಬೇಡಿ, ಗಟ್ಟಿ ಪಾಸ್‌ವರ್ಡ್ ಇಡಿ, ಕಂಪನಿ ಕಳಿಸುವ ತಿದ್ದುಪಡಿಗಳನ್ನು ಆಗಾಗ ಹಾಕಿಕೊಳ್ಳಿ.

ಬಲ್ಲವರು '3-2-1' ಎಂಬ ಸೂತ್ರ ಹೇಳುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ನಮಗಿದು ಹೊಸದೇ? ನಮ್ಮ ಮನೆಯ ಹೆಪ್ಪು ಕೆಟ್ಟ ದಿನ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವೆ. ಅದು ನಾವೇ ಹಿಂದೊಮ್ಮೆ ಕೊಟ್ಟ ಹೆಪ್ಪಿನದೇ ಮೊಸರು!

ನೆನಪಿರಲಿ:

* ಇರುವುದನ್ನು ಅಳೆದು, ಮೂರು ನಾಲ್ಕು ಪಟ್ಟು ಜಾಗ.
* ಎರಡು ಖಾನೆಯ ಪೆಟ್ಟಿಗೆ, ಸಿ.ಎಂ.ಆರ್. ಡಿಸ್ಕು.
* ಕೊಳ್ಳುವ ಮುನ್ನ, ಆ ಪೆಟ್ಟಿಗೆಗೆ ಆ ಡಿಸ್ಕು ಒಗ್ಗುತ್ತದೆಯೆ ಎಂದು ಕಂಪನಿಯ ಪಟ್ಟಿಯಲ್ಲಿ ನೋಡುವುದು.
* ಗಿಗಾಬಿಟ್ ರೂಟರು, ಯು.ಪಿ.ಎಸ್.
* ತಿಂಗಳಿಗೊಮ್ಮೆ ಬೇರೊಂದು ಡಿಸ್ಕಿಗೆ ನಕಲು, ಅದು ಇರಬೇಕಾದದ್ದು ಬೇರೆ ಮನೆಯಲ್ಲಿ.
* ಪಾಸ್‌ವರ್ಡ್ ಮನೆಯ ಇಬ್ಬರಿಗಾದರೂ ಗೊತ್ತಿರಲಿ.

ಪೆಟ್ಟಿಗೆ ಬಂದ ದಿನ ಮೊದಲು ಏನು ಹಾಕೋಣ ಅಂತ ಮಗಳು ಕೇಳಿದಳು. ಹಿಂದೆ ಹುಬ್ಬಳ್ಳಿಯ ತಂಗಿಗೆ ಅಮ್ಮನ ಒಂದು ಆರತಿ ಹಾಡನ್ನು ಸುಮ್ಮನೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಅವಳು ಅದನ್ನು ಅಳಿಸಿರಲಿಲ್ಲ. ನೂರಾರು ಹಾಡಿನಲ್ಲಿ ಉಳಿದದ್ದು ಅದೊಂದೇ, ನಾಲ್ಕು ನಿಮಿಷದ್ದು. ಉಳಿದದ್ದಾದರೂ ಯಾಕೆ? ಇನ್ನೊಂದು ಮನೆಯಲ್ಲಿ ಇದ್ದದ್ದಕ್ಕೆ. ಅದನ್ನೇ ಮೊದಲು ಹಾಕಿದೆವು. ಈಗ ನಮ್ಮ ತಿಂಗಳ ನಕಲು ತಂಗಿಯ ಬೀರುವಿನಲ್ಲಿದೆ, ಅವಳದ್ದು ನಮ್ಮಲ್ಲಿ.

ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಪೆಟ್ಟಿಗೆ ಬರಲಿ ಅಂತ ಕಾಯಬೇಡಿ. ಇವತ್ತೇ ಹಿಡಿದುಕೊಳ್ಳಿ, ಇವತ್ತೇ ಇನ್ನೊಬ್ಬರಿಗೆ ಕಳಿಸಿ. ಪೆಟ್ಟಿಗೆ ನಿಧಾನವಾಗಿ ನೋಡಿ ಕೊಂಡರಾಯಿತು.