ದಾರಿ ತೋರುವವರ ನಾಡಿನಲ್ಲಿ

ಬೆಂಗಳೂರಿನಿಂದ ನ್ಯೂಜಿಲೆಂಡಿಗೆ ತಂಡ ಕರೆದೊಯ್ಯುವ ಯಾವ ಟ್ರಾವೆಲ್ಸ್‌ನವರ ಪಟ್ಟಿ ನೋಡಿದರೂ ಊರುಗಳ ಹೆಸರು ಬದಲಾಗುವುದು ಕಡಿಮೆ. ಉತ್ತರ ದ್ವೀಪದಲ್ಲಿ ಆಕ್ಲೆಂಡ್, ರೊಟೊರುವ. ದಕ್ಷಿಣ ದ್ವೀಪದಲ್ಲಿ ಕ್ವೀನ್ಸ್‌ಟೌನ್, ಮಿಲ್ಫರ್ಡ್ ಸೌಂಡ್, ತೆಕಪೊ ಸರೋವರ, ಕೊನೆಗೆ ಕ್ರೈಸ್ಟ್‌ಚರ್ಚ್. ನಾನೂ ನಮ್ಮ ಯಜಮಾನರೂ ಸುತ್ತಿದ್ದು ಇದೇ ದಾರಿ. ಬಸ್ಸಿನಲ್ಲಿ ಬಹುಪಾಲು ನಮ್ಮಂಥವರೇ, ಮಕ್ಕಳ ಜವಾಬ್ದಾರಿ ಮುಗಿಸಿ ನಿವೃತ್ತರಾದ ಜೋಡಿಗಳು. ಗುಂಪಿನಲ್ಲಿ ಹೋದರೆ ಏನು ನೋಡಿದಂತಾಗುತ್ತದೆ ಎಂದು ಮೂಗು ಮುರಿಯುವವರು ಬೇಕಾದಷ್ಟಿದ್ದಾರೆ. ನ್ಯೂಜಿಲೆಂಡಿನ ಮಟ್ಟಿಗೆ ಆ ಮಾತು ಸಲ್ಲದು. ಅಲ್ಲಿ ಪ್ರವಾಸ ಬೆಳೆದದ್ದೇ ಗೈಡ್ ಒಬ್ಬರ ಹಿಂದೆ ಹತ್ತಾರು ಜನ ನಡೆದು. ಅದನ್ನು ಮೊದಲು ಕಟ್ಟಿದವರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಹೆಂಗಸರೂ ಇದ್ದರು.

ಕತೆ ಶುರುವಾಗುವುದು ರೊಟೊರುವದ ಹತ್ತಿರ. 19ನೇ ಶತಮಾನದ ನಡುವಿನಿಂದಲೇ ರೊಟೊಮಹಾನ ಸರೋವರದ ದಂಡೆಯ ಗುಲಾಬಿ ಮತ್ತು ಬಿಳಿ ಮೆಟ್ಟಿಲುಗಳನ್ನು ನೋಡಲು ಯುರೋಪಿನಿಂದ ಜನ ಬರುತ್ತಿದ್ದರು. ಬಿಸಿನೀರಿನಲ್ಲಿ ಕರಗಿದ ಸಿಲಿಕಾ ಪದರ ಪದರವಾಗಿ ಕೂತು ತಾನಾಗಿ ಆದ ಮೆಟ್ಟಿಲುಗಳು ಅವು. 1870ರಲ್ಲಿ ವಿಕ್ಟೋರಿಯಾ ರಾಣಿಯ ಮಗ ಆಲ್‌ಫ್ರೆಡ್ ಕೂಡ ಬಂದು ನೋಡಿಹೋದ. ಹಡಗಿನಲ್ಲಿ ತಿಂಗಳುಗಟ್ಟಲೆ ಕೂತು ಬಂದವರು ತೆ ವೈರೊವ ಎಂಬ ಹಳ್ಳಿಯಲ್ಲಿ ಉಳಿಯಬೇಕು. ಅಲ್ಲಿಂದ ದೋಣಿ ಹತ್ತಿ ತರವೆರ ಸರೋವರ ದಾಟಬೇಕು. ದೋಣಿ ಅಲ್ಲಿನ ತೂಹೌರಂಗಿ ಎಂಬ ಮಾವೊರಿ ಪಂಗಡದವರದ್ದು, ದರ ಅವರದ್ದು, ಗೈಡೂ ಅವರೇ. ಆ ಗಳಿಕೆ ಎಷ್ಟಿತ್ತೆಂದರೆ ಹಿನೆಮಿಹಿ ಎಂಬ ಅವರ ಸಭಾಗೃಹದ ಕೆತ್ತನೆಗಳ ಕಣ್ಣಿಗೆ ಕಪ್ಪೆಚಿಪ್ಪಿನ ಬದಲು ಚಿನ್ನದ ನಾಣ್ಯ ಕೂರಿಸಿದ್ದರು.

ಈ ಗೈಡ್‌ಗಳಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ಸೋಫಿಯಾ ಹಿನೆರಂಗಿ. ತಂದೆ ಸ್ಕಾಟ್ಲೆಂಡಿನವನು, ತಾಯಿ ಮಾವೊರಿ. ಎರಡೂ ಭಾಷೆ ಬಲ್ಲ ಆಕೆ ಬಂದವರ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದಳು, ಎಲ್ಲಿ ಕಾಲಿಡಬಾರದು ಎಂದು ಹೇಳುತ್ತಿದ್ದಳು. ನೆಲವೇ ಕುದಿಯುವ ಜಾಗದಲ್ಲಿ ಗೈಡ್ ಎಂದರೆ ಜೀವ ಕಾಯುವವರು. 1886ರ ಜೂನ್ 10ರ ನಸುಕಿನಲ್ಲಿ ತರವೆರ ಪರ್ವತ ಸಿಡಿಯಿತು. ಸುಮಾರು 120 ಜನ ಸತ್ತರು, ಮೆಟ್ಟಿಲುಗಳು ಕಣ್ಮರೆಯಾದವು, ತೆ ವೈರೊವ ಕೆಸರು ಬೂದಿಯಲ್ಲಿ ಹೂತುಹೋಯಿತು. ಸೋಫಿಯಾಳ ಮನೆ ಬೀಳದೆ ನಿಂತಿತು. ಅದರೊಳಗೆ ಅರವತ್ತಕ್ಕೂ ಹೆಚ್ಚು ಜನ ಬದುಕಿ ಉಳಿದರು.

ಊರು, ಕಸುಬು ಎರಡನ್ನೂ ಕಳೆದುಕೊಂಡ ಆ ಜನರಲ್ಲಿ ಅನೇಕರು ರೊಟೊರುವದ ಪಕ್ಕದ ಫಾಕರೆವರೆವಕ್ಕೆ ಬಂದು ನೆಲೆಸಿದರು. ಸೋಫಿಯಾ ಅಲ್ಲೂ ಗೈಡ್ ಆದಳು. ಅವಳ ನಂತರದ ತಲೆಮಾರಿನ ಮ್ಯಾಗಿ ಪಾಪಕುರ 1901ರಲ್ಲಿ, ಮುಂದೆ ಐದನೇ ಜಾರ್ಜ್ ಆಗಲಿದ್ದ ರಾಜಕುಮಾರನಿಗೆ ಊರು ತೋರಿಸಿದಳು. ಅವಳು ಆಮೇಲೆ ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರ ಓದಿ ತನ್ನ ಜನರ ಬದುಕಿನ ಬಗ್ಗೆ ಬರೆದ ಪುಸ್ತಕ, ಅವಳು ತೀರಿಕೊಂಡ ಮೇಲೆ 1938ರಲ್ಲಿ ಅಚ್ಚಾಯಿತು. ಅದೇ 1901ರಲ್ಲಿ ನ್ಯೂಜಿಲೆಂಡ್ ಸರ್ಕಾರ ಪ್ರವಾಸಕ್ಕೆಂದೇ ಒಂದು ಇಲಾಖೆ ತೆರೆಯಿತು. ಜಗತ್ತಿನಲ್ಲಿ ಯಾವ ಸರ್ಕಾರವೂ ಅದಕ್ಕೆ ಮೊದಲು ಅಂಥದ್ದನ್ನು ಮಾಡಿರಲಿಲ್ಲ.

ಫಾಕರೆವರೆವದಲ್ಲಿ ಇವತ್ತಿಗೂ ಜನ ವಾಸವಿದ್ದಾರೆ. ನಮಗೆ ಊರು ತೋರಿಸಿದ ಹೆಣ್ಣುಮಗಳು ಅಲ್ಲೇ ಹುಟ್ಟಿ ಬೆಳೆದವಳು. ಕುದಿಯುವ ಕೊಳದಿಂದ ಜೋಳದ ತೆನೆಗಳ ಬಲೆಚೀಲವನ್ನು ಎತ್ತಿದಳು. ಗಂಧಕದ ವಾಸನೆ ಮೂಗಿಗೆ ರಾಚುತ್ತಿದ್ದರೂ ತೆನೆಗೆ ಅದು ಒಂದಿಷ್ಟೂ ಹತ್ತಿರಲಿಲ್ಲ. ಪೊಹುಟು ಚಿಲುಮೆ ಆಚೆ ಬುಸುಗುಟ್ಟುತ್ತ ಚಿಮ್ಮುತ್ತಿತ್ತು. ನಮ್ಮ ತಂಡದ ಅರ್ಧ ಜನ ಫೋಟೊಗೆ ಓಡಿದರು. ತನ್ನ ಮುತ್ತಜ್ಜಿಯರ ಕತೆಯನ್ನು ಅವಳು ಹೇಳುತ್ತಿದ್ದಳು. ನಾವು ಕೆಲವರು ಅಲ್ಲೇ ನಿಂತು ಕೇಳಿದೆವು.

ದಕ್ಷಿಣ ದ್ವೀಪದ್ದು ಬೇರೆಯೇ ಲೋಕ. ದ್ವೀಪದ ಬೆನ್ನೆಲುಬಿನಂತೆ ನಿಂತ ದಕ್ಷಿಣ ಆಲ್ಪ್ಸ್ ಪರ್ವತಗಳು ಪಶ್ಚಿಮದ ಗಾಳಿಯನ್ನು ತಡೆದು ಮಳೆಯನ್ನೆಲ್ಲ ಆ ಬದಿಯಲ್ಲೇ ಸುರಿಸಿಬಿಡುತ್ತವೆ. ಬೆಟ್ಟಗಳ ನಡುವೆ ಕಡಲು ಒಳಚಾಚಿದ ಆ ಬದಿಯ ಮಿಲ್ಫರ್ಡ್‌ನಲ್ಲಿ ವರ್ಷಕ್ಕೆ 6,500 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ನೇರ ಗೆರೆ ಎಳೆದರೆ 150 ಕಿ.ಮೀ. ಒಳಗೇ ಇರುವ ಅಲೆಕ್ಸಾಂಡ್ರ ಊರಿಗೆ 400 ಮಿ.ಮೀ.ಯೂ ಇಲ್ಲ. ಆಗುಂಬೆ ನೆನೆಯುವಾಗ ಚಳ್ಳಕೆರೆ ಬಾಯಾರುವ ಲೆಕ್ಕವೇ ಇದೂ. ಹಾಗಾಗಿ ಬಸ್ಸಿನ ಕಿಟಕಿಯಲ್ಲಿ ಬೆಳಗ್ಗೆ ಕಂಡ ಒಣ ಹುಲ್ಲಿನ ಬೋಳು ಗುಡ್ಡ, ಮಧ್ಯಾಹ್ನದ ಹೊತ್ತಿಗೆ ಪಾಚಿ ಇಳಿಬಿದ್ದ ಕಾಡಾಗಿರುತ್ತದೆ.

ಮಿಲ್ಫರ್ಡ್‌ಗೆ ಮಾವೊರಿಗಳು ಹಸಿರುಕಲ್ಲಿಗಾಗಿ ಹಿಂದಿನಿಂದಲೂ ಹೋಗಿಬರುತ್ತಿದ್ದರು. 1877ರಲ್ಲಿ ಡೊನಾಲ್ಡ್ ಸದರ್ಲೆಂಡ್ ಎಂಬವನು ಬಂದು ಅಲ್ಲಿ ನೆಲೆಯೂರಿದ. ಮುಂದೆ ಅವನೂ ಹೆಂಡತಿ ಎಲಿಜಬೆತ್‌ಳೂ ಬಂದವರಿಗೆ ಊಟ ವಸತಿ ಕೊಡುವ ಮನೆ ನಡೆಸಿದರು. 1888ರಲ್ಲಿ ಕ್ವಿಂಟಿನ್ ಮೆಕಿನನ್ ತೆ ಅನಾವು ಸರೋವರದ ಕಡೆಯಿಂದ ಸಾವಿರ ಮೀಟರಿಗೂ ಎತ್ತರದ ಕಣಿವೆದಾರಿ ಹಿಡಿದು ಅಲ್ಲಿಗೆ ಮುಟ್ಟಿದ. ಆ ಕಾಲುದಾರಿಯ ಮೊದಲ ಗೈಡ್ ಅವನೇ. ನಡೆದು ಸುಸ್ತಾದವರಿಗೆ ತಾನೇ ಬ್ರೆಡ್ಡಿನಂಥ ಸ್ಕೋನ್ ಮಾಡಿ ಕೊಡುತ್ತಿದ್ದ. ಅದರ ಹೆಸರಾದ ಪೊಂಪೊಲೊನಾ ಇಂದು ಆ ದಾರಿಯ ಒಂದು ತಂಗುಮನೆಗಿದೆ. 1892ರಲ್ಲಿ ಮೆಕಿನನ್ ಅದೇ ತೆ ಅನಾವು ಸರೋವರದಲ್ಲಿ ಮುಳುಗಿಹೋದ. ಶವ ಸಿಗಲಿಲ್ಲ.

ನಮ್ಮಂಥ ವಯಸ್ಸಾದವರಿಗೆ ಮಿಲ್ಫರ್ಡ್ ಎಟುಕಿದ್ದು ಹೋಮರ್ ಸುರಂಗದಿಂದ. 1935ರಲ್ಲಿ, ಕೆಲಸವೇ ಸಿಗದಿದ್ದ ಆರ್ಥಿಕ ಕುಸಿತದ ದಿನಗಳಲ್ಲಿ, ಐವರು ಹಾರೆ ಗುದ್ದಲಿ ಹಿಡಿದು ಅದನ್ನು ಶುರುಮಾಡಿದರು. ಚಳಿಗಾಲವಿಡೀ ಬಿಸಿಲು ಬೀಳದ ಕಣಿವೆಯಲ್ಲಿ ಕೂಲಿಗಳು ಟೆಂಟ್ ಹಾಕಿಕೊಂಡು ಬದುಕಿದರು. ಹಿಮಕುಸಿತಕ್ಕೆ ಮೂವರು ಬಲಿಯಾದರು. ನಡುವೆ ಎರಡನೇ ಮಹಾಯುದ್ಧ ಬಂತು, ಕೆಲಸ ನಿಂತಿತು. ವಾಹನಗಳಿಗೆ ಸುರಂಗ ತೆರೆದದ್ದು 1954ರಲ್ಲಿ. ಉದ್ದ 1.2 ಕಿ.ಮೀ., ಮಿಲ್ಫರ್ಡ್ ಕಡೆಗೆ ಒಂದೇ ಸಮ ಇಳಿಜಾರು.

ಅಲ್ಲಿ ಬಸ್ ಓಡಿಸುವವರೇ ಗೈಡ್ ಕೂಡ, ಕೊರಳಲ್ಲಿ ಮೈಕ್ ಇರುತ್ತದೆ. ಸುರಂಗದ ಬಾಯಲ್ಲಿ ಕೆಂಪು ದೀಪ ಬಿದ್ದಾಗ ಅವರು ಎಂಜಿನ್ ಆಫ್ ಮಾಡಿ, ಸತ್ತ ಆ ಮೂವರ ಕತೆಯನ್ನು ಹೇಳಿದರು. ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ ಕಟ್ಟಿಸಿದ ನಮ್ಮ ಯಜಮಾನರು ಮುಂದಿನ ಸೀಟಿಗೆ ಹೋಗಿ ಕೂತು, ಇಳಿಜಾರು ಎಷ್ಟಕ್ಕೆ ಎಷ್ಟು, ನೀರು ಹೇಗೆ ಹೊರಗೆ ಹಾಕಿದರು ಎಂದು ಕೇಳುತ್ತಲೇ ಇದ್ದರು. ಇಳಿಜಾರು ಹತ್ತಕ್ಕೆ ಒಂದಂತೆ. ಒಳಗೆ ಗೋಡೆಗೆ ಗಿಲಾವು ಇಲ್ಲ. ಕಡಿದ ಬಂಡೆ ಕಡಿದಂತೆಯೇ ಇದೆ, ಮೇಲಿಂದ ನೀರು ತೊಟ್ಟಿಕ್ಕುತ್ತದೆ. ನಾವಿನ್ನೂ ಸುರಂಗದ ಬಾಯಲ್ಲಿ ಕಾಯುತ್ತಿದ್ದಾಗ ಕಿಯಾ ಎಂಬ ಬೆಟ್ಟದ ಗಿಳಿಯೊಂದು ಮುಂದಿದ್ದ ಕಾರಿನ ಮೇಲೆ ಕೂತು ಕಿಟಕಿಯ ರಬ್ಬರನ್ನು ಎಳೆಯುತ್ತಿತ್ತು. ರೆಕ್ಕೆ ಬಿಚ್ಚಿದಾಗ ಒಳಗೆಲ್ಲ ಕೆಂಡದ ಬಣ್ಣ. ಅಳಿವಿನ ಅಂಚಿನಲ್ಲಿರುವ ಹಕ್ಕಿಯದು. ಅದಕ್ಕೆ ತಿನ್ನಲು ಏನೂ ಕೊಡಬೇಡಿ ಎಂದು ಚಾಲಕರು ಕೈಮುಗಿದು ಕೇಳಿಕೊಂಡರು.

ಸುರಂಗದ ಆಚೆ ದಾರಿ ಧುಮುಕುತ್ತದೆ, ಕಪ್ಪು ಬಂಡೆಗಳ ಮೈತುಂಬ ಜಲಪಾತಗಳು. ದೋಣಿ ಹತ್ತಿದ ಮೇಲೆ 1,683 ಮೀಟರ್ ಎತ್ತರದ ಮೈಟರ್ ಶಿಖರ ನೀರಿನಿಂದಲೇ ಎದ್ದು ನಿಂತಂತೆ ಕಂಡಿತು. ಆ ಜಲಪಾತಗಳಿಗಾಗಿ ಮಳೆ ಬಿದ್ದ ದಿನವೇ ಅಲ್ಲಿಗೆ ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ.

ಹೊರಡುವ ಯೋಚನೆಯಿರುವ ದಂಪತಿಗಳಿಗೆ ಒಂದು ಮಾತು. ಅನೇಕ ತಂಡಗಳು ಕ್ವೀನ್ಸ್‌ಟೌನಿನಿಂದ ಮಿಲ್ಫರ್ಡ್‌ಗೆ ಒಂದೇ ದಿನದಲ್ಲಿ ಹೋಗಿಬರುತ್ತವೆ. ಒಂದು ಬದಿಗೇ ನಾಲ್ಕು ತಾಸಿಗೂ ಹೆಚ್ಚು ಪಯಣ, ವಾಪಸಾಗುವಾಗ ಎಲ್ಲರೂ ನಿದ್ದೆಯಲ್ಲಿರುತ್ತಾರೆ. ದುಡ್ಡು ಕಟ್ಟುವ ಮೊದಲೇ, ಮಿಲ್ಫರ್ಡ್‌ನಿಂದ 120 ಕಿ.ಮೀ. ಈಚೆಗಿರುವ ತೆ ಅನಾವುವಿನಲ್ಲಿ ಒಂದು ರಾತ್ರಿ ಉಳಿಸಲು ಕೇಳಿ. ಶಾಪಿಂಗಿಗೆ ಇಟ್ಟ ಅರ್ಧ ದಿನವನ್ನು ಅದಕ್ಕೆ ಬಿಟ್ಟುಕೊಡಿ. ಸಾಧ್ಯವಾದರೆ ಚಾಲಕರ ಹತ್ತಿರದ ಸೀಟು ಹಿಡಿಯಿರಿ.