ಎರಡು ಸೆಕೆಂಡಿನ ಕೆಲಸ, ಇಪ್ಪತ್ತೆರಡು ಸೆಕೆಂಡಿನ ಬೆಲೆ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 18 ಕಿಲೋಮೀಟರು. ಗಂಟೆಗೆ 216 ಕಿಲೋಮೀಟರು ವೇಗದ ವಾಹನವು ಈ ದಾರಿಯನ್ನು 5 ಮಿನಿಟುಗಳಲ್ಲಿ ಕ್ರಮಿಸುವುದು. ಎಂದರೆ ಸೆಕೆಂಡಿಗೆ 60 ಮೀಟರು. ಫಾರ್ಮುಲಾ ಒನ್ ಪಂದ್ಯದ ಕಾರುಗಳು ಅನೇಕ ಪಥಗಳಲ್ಲಿ ಇಂಥ ಸರಾಸರಿ ವೇಗದಿಂದಲೇ ಓಡುತ್ತವೆ. ಈ ಓಟದ ನಡುವೆ ಕಾರನ್ನು ನಿಲ್ಲಿಸಿ ಟೈರು ಬದಲಾಯಿಸುವುದು ಲಾಭವೇ, ನಷ್ಟವೇ? ಲೆಕ್ಕ ಹಾಕಿ ನೋಡೋಣ.

ಪಳಗಿದ ಕೆಲಸಗಾರರು ನಾಲ್ಕು ಚಕ್ರಗಳನ್ನೂ 2–3 ಸೆಕೆಂಡುಗಳಲ್ಲಿ ಬದಲಿಸಬಲ್ಲರು. 2023ರಲ್ಲಿ ಕತಾರಿನಲ್ಲಿ ಮೆಕ್‌ಲಾರೆನ್ ತಂಡವು ಈ ಕೆಲಸವನ್ನು 1.80 ಸೆಕೆಂಡಿನಲ್ಲಿ ಮುಗಿಸಿತು. ಆದರೆ ಟೈರು ಬದಲಿಸುವ ಪಿಟ್ ಹಾದಿಯಲ್ಲಿ ವೇಗವು ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರನ್ನು ಮೀರಕೂಡದು. ಆದುದರಿಂದ ಒಟ್ಟು ನಷ್ಟ 20 ಸೆಕೆಂಡುಗಳಿಗೂ ಮೇಲಾಗುವುದುಂಟು. ಅದನ್ನು 22 ಎಂದಿಟ್ಟುಕೊಂಡರೆ, ಅಷ್ಟರಲ್ಲಿ ಎದುರಾಳಿಯು 1,320 ಮೀಟರು ಮುಂದೆ ಸಾಗಿರುತ್ತಾನೆ!

ಹಾಗಿದ್ದರೂ ನಿಲ್ಲುವುದೇಕೆ? ಬಿಸಿಯೇರಿದ ರಬ್ಬರು ರಸ್ತೆಯ ಸೂಕ್ಷ್ಮವಾದ ಉಬ್ಬುತಗ್ಗುಗಳಿಗೆ ಒತ್ತಿಕೊಂಡು ಹಿಡಿತ ಕೊಡುತ್ತದೆ. ಮೃದು ರಬ್ಬರಿಗೆ ಹಿಡಿತ ಹೆಚ್ಚು, ಆಯುಸ್ಸು ಕಡಮೆ. ಗಡಸು ರಬ್ಬರಿನದು ಇದಕ್ಕೆ ವಿರುದ್ಧ. ಸವೆದ ಟೈರಿನ ಕಾರು ತಿರುವುಗಳಲ್ಲಿ ನಿಧಾನಿಸಲೇಬೇಕು. ಮೇಲಾಗಿ, ಒಣಗಿದ ಪಥದ ಪಂದ್ಯದಲ್ಲಿ ಎರಡು ಬಗೆಯ ಟೈರುಗಳನ್ನಾದರೂ ಬಳಸಬೇಕೆಂಬುದು ನಿಯಮ. ಹೀಗಾಗಿ ನಿಲ್ಲುವ ಬೆಲೆಯನ್ನು ಎಲ್ಲರೂ ತೆರುವರು. ಯಾವಾಗ ತೆರಬೇಕೆಂಬುದೇ ಜಾಣತನ.

ನಿಮ್ಮ ಕಾರು ಎದುರಾಳಿಗಿಂತ 1.5 ಸೆಕೆಂಡು ಹಿಂದಿದೆಯೆನ್ನಿ. ನೀವು ಮೊದಲು ಟೈರು ಬದಲಿಸಿ, ಹೊಸ ರಬ್ಬರಿನಿಂದ ಆ ಒಂದು ಸುತ್ತಿನಲ್ಲಿ 2 ಸೆಕೆಂಡು ಗಳಿಸುತ್ತೀರಿ. ಮರುಸುತ್ತಿನಲ್ಲಿ ಅವನೂ ನಿಂತು ಹೊರಬರುವಾಗ ನೀವು ಅರ್ಧ ಸೆಕೆಂಡು ಮುಂದಿರುತ್ತೀರಿ. ಪಥದ ಮೇಲೆ ಹಿಂದಿಕ್ಕದೆಯೇ ಸ್ಥಾನ ದೊರೆಯಿತು.

ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ಪಾಲುದಾರರಾಗಿದ್ದ ಫೋರ್ಸ್ ಇಂಡಿಯಾ ಸಿರಿವಂತ ತಂಡವಾಗಿರಲಿಲ್ಲ. 2015ರಲ್ಲಿ ರಷ್ಯದ ಸೋಚಿಯಲ್ಲಿ ಅಪಘಾತವೊಂದರಿಂದಾಗಿ 12ನೆಯ ಸುತ್ತಿನಲ್ಲಿ ಸೇಫ್ಟಿ ಕಾರು ಬಂದು ಎಲ್ಲರ ವೇಗವನ್ನು ತಗ್ಗಿಸಿತು. ಇತರರು ನಿಧಾನವಾಗಿದ್ದಾಗ ನಿಂತರೆ ನಷ್ಟ ಕಡಮೆಯಷ್ಟೆ! ತಂಡದ ಚಾಲಕ ಸೆರ್ಜಿಯೊ ಪೆರೆಜ್ ಆಗಲೇ ಟೈರು ಬದಲಿಸಿ, ಉಳಿದ 41 ಸುತ್ತುಗಳನ್ನು ಅವುಗಳಲ್ಲೇ ಓಡಿಸಿದರು. ಅದು ಸುಮಾರು 240 ಕಿಲೋಮೀಟರು. ಶಿವಮೊಗ್ಗದಿಂದ ಹೊರಟು ಭದ್ರಾವತಿಯ ಮಾರ್ಗವಾಗಿ ತುಮಕೂರನ್ನು ದಾಟುವಷ್ಟು ದೂರ. ಕೊನೆಗೆ ರಬ್ಬರು ಸೋತಿತು. ಇಬ್ಬರು ಅವರನ್ನು ಹಿಂದಿಕ್ಕಿದರು. ಆದರೆ ಕಡೆಯ ಸುತ್ತಿನಲ್ಲಿ ಆ ಇಬ್ಬರೇ ಪರಸ್ಪರ ಡಿಕ್ಕಿ ಹೊಡೆದುಕೊಂಡರು, ಪೆರೆಜ್ ಮೂರನೆಯವರಾದರು.

ಇದರಲ್ಲಿ ಅದೃಷ್ಟದ ಪಾಲಿಲ್ಲವೆನ್ನಲಾಗದು. ಆದರೆ ಆ ಅದೃಷ್ಟವು ಕೈಗೆಟುಕುವ ಸ್ಥಾನಕ್ಕೆ ಕಾರನ್ನು ಒಯ್ದದ್ದು ಲೆಕ್ಕಾಚಾರವೇ. ಬಲವಾದ ಎಂಜಿನ್ನನ್ನು ಹಣ ಕೊಟ್ಟು ಪಡೆಯಬಹುದು. ನಿಲ್ಲುವ ಸಮಯವನ್ನು ಮಾತ್ರ ಗಣಿತದಿಂದಲೇ ಪಡೆಯಬೇಕು.